ಶೇಮ್ ಶೇಮ್ ಮತ್ತು ಕೂದಲೆಣ್ಣೆ

ಕನ್ನಡದಲ್ಲಿ ಗದರಿದರೆ ಮಗು ಅಳುತ್ತದೆ, ಇಂಗ್ಲಿಷಿನಲ್ಲಿ ಗದರಿದರೆ ನಗುತ್ತದೆ ಎಂಬುದು ಸಲೂನ್ ಯಜಮಾನರ ಮಹಾಸಂಶೋಧನೆ. ಮೂರು ವರ್ಷದ ಮಗಳು ಬಚ್ಚಲಿನಿಂದ ಬರಿಮೈಯಲ್ಲಿ ಓಡಿಬಂದಾಗ 'ನಾಚಿಕೆ ಆಗಲ್ವಾ' ಎಂದು ಗದರಿ ಒಮ್ಮೆ ಇಡೀ ಬೆಳಿಗ್ಗೆ ರಂಪ ಅನುಭವಿಸಿದ್ದರು. ಆಮೇಲೆ 'ಶೇಮ್ ಶೇಮ್' ಎನ್ನತೊಡಗಿದರು. ಮಗಳು ಕಿಲಕಿಲ ನಗುತ್ತ ಕೈಗೆ ಸಿಕ್ಕ ಬಟ್ಟೆ ಎಳೆದು ಮೈ ಮುಚ್ಚಿಕೊಳ್ಳುತ್ತಿದ್ದಳು.

"ಅದರ ಅರ್ಥ ಗೊತ್ತೇನ್ರೀ ಅವಳಿಗೆ?" ಎಂದಳು ಹೆಂಡತಿ.

"ಗೊತ್ತಿಲ್ದೆ ಮುಚ್ಕೋತಾಳಾ?"

"ಅವಳ ಲೆಕ್ಕದಲ್ಲಿ ಅದು ನಾಚಿಕೆ ಅಲ್ಲ. ಏನೋ ಕಾಣ್ತಿದೆ, ಬೇಗ ಮುಚ್ಚು ಅಂತ. ಮೊನ್ನೆ ಹಾಲಿನ ಪಾತ್ರೆಗೂ ಶೇಮ್ ಶೇಮ್ ಅಂದು ತಟ್ಟೆ ಮುಚ್ಚಿದ್ಲು."

"ನೋಡು, ಎಷ್ಟು ಉಪಯೋಗ" ಎಂದು ಯಜಮಾನರು ಬೀಗಿದರು. (ಬೀಗಲು ಅವರಿಗೆ ಕಾರಣವೇನೂ ಬೇಕಿರಲಿಲ್ಲ.)

ಆದರೆ ಮುಚ್ಚಿಡುವಂಥದ್ದು ಅವರ ಬಳಿಯೂ ಒಂದಿತ್ತು. ಸಲೂನಿನಲ್ಲಿ ತಾವೇ ಕಾಯಿಸಿದ ಕೂದಲೆಣ್ಣೆ ಮಾರುತ್ತ, "ನನ್ನ ತಲೆಯೇ ಸಾಕ್ಷಿ" ಎಂದು ದಟ್ಟ ಕೂದಲನ್ನು ಸವರಿಕೊಳ್ಳುತ್ತಿದ್ದರು. ಅದು ಸುಳ್ಳುಸಾಕ್ಷಿ. ವಾರದ ರಜೆಯ ದಿನ ಆ ಸಾಕ್ಷಿ ಶ್ಯಾಂಪೂ ಹಾಕಿಸಿಕೊಂಡು, ಹಿತ್ತಲ ಮೆಟ್ಟಿಲಿನಲ್ಲಿ ಬೋರಲು ಹಾಕಿದ ಪಾತ್ರೆಯ ಮೇಲೆ ಒಣಗುತ್ತಿತ್ತು. ಹೆಂಡತಿ ಮಗಳ ಹೊರತು ಯಾರಿಗೂ ಇದು ಗೊತ್ತಿರಲಿಲ್ಲ.

ಅಂಥ ಒಂದು ದಿನ ಹೇಳದೆ ಕೇಳದೆ ಸಗಟು ವ್ಯಾಪಾರಿ ಮನೆಗೇ ಬಂದುಬಿಟ್ಟರು. ಅವರು ಹೂಂ ಅಂದರೆ ಊರಿನ ಅಂಗಡಿ ಅಂಗಡಿಯಲ್ಲೂ ಎಣ್ಣೆ. ಯಜಮಾನರು ತಲೆಗೆ ಟವೆಲ್ ಸುತ್ತಿಕೊಂಡು, "ಈಗಷ್ಟೇ ಸ್ನಾನ ಆಯ್ತು" ಎನ್ನುತ್ತ ಕೂರಿಸಿದರು.

ವ್ಯಾಪಾರಿ ಟೋಪಿ ತೆಗೆದರು. ತಲೆ ಅಂಗೈಯಷ್ಟೇ ನುಣುಪು. "ನಿಮ್ಮ ಕೂದಲು ನೋಡೇ ಬಂದಿದ್ದು ಸ್ವಾಮಿ. ಮೊದಲು ನನಗೊಂದು ಬಾಟ್ಲಿ ಕೊಡಿ. ಆಮೇಲೆ ಅಂಗಡಿಗಳಿಗೆ ಹಾಕೋಣ."

ಬಾಗಿಲಲ್ಲಿ ನಿಂತಿದ್ದ ಮಗಳು ಆ ತಲೆಯನ್ನೇ ನೋಡಿದಳು. "ಶೇಮ್ ಶೇಮ್" ಎಂದಳು ಕನಿಕರದಿಂದ.

ಯಜಮಾನರ ಜೀವ ಬಾಯಿಗೆ ಬಂತು. "ಚಿಕ್ಕ ಮಗು, ತಪ್ಪು ತಿಳ್ಕೋಬೇಡಿ."

"ಇರೋದನ್ನೇ ಹೇಳ್ತು ಬಿಡಿ" ಎಂದು ವ್ಯಾಪಾರಿ ನಕ್ಕರು. ಅಷ್ಟರಲ್ಲಿ ಮಗಳು ಹಿತ್ತಲಿಗೆ ಓಡಿ, ವಾಪಸು ಬಂದು, ಸೋಫಾ ಹತ್ತಿ, ಅಪ್ಪನ ವಿಗ್ಗನ್ನು ವ್ಯಾಪಾರಿಯ ತಲೆಗೆ ಜೋಪಾನವಾಗಿ ಹಾಕಿದಳು.

"ಅಪ್ಪಂದು. ನೀವ್ ಹಾಕ್ಕೊಳ್ಳಿ ತಾತ. ಅಪ್ಪಂಗೆ ಟವಲ್ ಇದೆ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಯಜಮಾನರಿಗೆ. ಆಗ ಅವರಿಗಾದ ನಾಚಿಕೆ ಅಪ್ಪಟ ಕನ್ನಡದ್ದು.

ವ್ಯಾಪಾರಿ ಮೆಲ್ಲಗೆ ಎದ್ದು ಗೋಡೆಯ ಕನ್ನಡಿಯ ಮುಂದೆ ನಿಂತರು. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು.

"ಎಣ್ಣೆ ಹಾಗಿರಲಿ. ಇದೆಲ್ಲಿ ಸಿಗುತ್ತೆ?"

ಯಜಮಾನರು ತಲೆಯ ಟವೆಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡರು. ಹೆಂಡತಿ ಕಾಫಿ ತಂದಿಟ್ಟು, ಅಂಗಡಿ ಇರುವ ಬೀದಿಯನ್ನು ಸಮಾಧಾನವಾಗಿ ವಿವರಿಸಿದಳು.

"ಇವರ ಹೆಸರು ಹೇಳಿ ಅಣ್ಣಾ, ಕಡಿಮೆ ಮಾಡ್ಕೊಡ್ತಾನೆ. ನಾವು ಅವನ ಹಳೇ ಗಿರಾಕಿಗಳು."