ಬಲಗೈಯ ಶಾಲೆ

೧೯೪೧ರ ಜನವರಿಯಲ್ಲಿ ನಮ್ಮ ಕಾಕಾ ತಮ್ಮ ಹೆಂಡತಿಯ ಬಲಗೈಯನ್ನು ಶಾಲೆಗೆ ಹಾಕಿದರು. ಹೆಂಡತಿಯನ್ನಲ್ಲ, ಬಲಗೈಯನ್ನು ಮಾತ್ರ! ಶಾಲೆ ನಡೆದದ್ದು ಪುಣೆಯ ಪೇಠೆಯೊಂದರ ಹಳೆಯ ವಾಡೆಯಲ್ಲಿ, ನಾವು ಬಾಡಿಗೆಗಿದ್ದ ಎರಡು ಕೋಣೆಗಳ ಪೈಕಿ ಹೊರಗಿನದರಲ್ಲಿ. ಮಾಸ್ತರರು ಕಾಕಾ ಒಬ್ಬರೇ.

ಕಾರಣ ಇಷ್ಟು. ಹಿಂದಿನ ದೀಪಾವಳಿ ಮುಗಿದ ವಾರ ಕಾಕುಗೆ, ಎಂದರೆ ಕಾಕಾನ ಹೆಂಡತಿಗೆ, ಲಕ್ವಾ ಹೊಡೆಯಿತು. ಮಾತಿಗೆ ಏನೂ ಆಗಲಿಲ್ಲ. ಅದಕ್ಕೆ ಇಡೀ ವಾಡೆಯೇ ಸಾಕ್ಷಿ. ಕಾಲು ಎಳೆದುಕೊಂಡು ನಡೆಯುವಷ್ಟಾಯಿತು. ಬಲಗೈ ಮಾತ್ರ ಹೆಗಲಿನಿಂದ ಜೋತುಬಿತ್ತು. ಆರು ತಿಂಗಳಲ್ಲಿ ಎಷ್ಟು ಬಂದೀತೋ ಅಷ್ಟು, ಆಮೇಲೆ ಆಸೆ ಬೇಡ ಎಂದು ಡಾಕ್ಟರರು ಹೇಳಿಹೋದರು.

ಕಾಕುವಿಗೆ ಇದ್ದ ದುಃಖ ಒಂದೇ. ಕುಂಕುಮವನ್ನು ಬಲಗೈಯ ಉಂಗುರದ ಬೆರಳಿನಿಂದ ಇಟ್ಟುಕೊಳ್ಳಬೇಕು. ಎಡಗೈಯಿಂದ ಇಟ್ಟುಕೊಳ್ಳಲು ಆಕೆ ಒಪ್ಪಲಿಲ್ಲ. ಹೀಗಾಗಿ ದಿನಾ ಸ್ನಾನವಾದ ಮೇಲೆ ಕಾಕಾ ಇಡುತ್ತಿದ್ದರು.

"ಉಳಿದದ್ದು ಏನಾರ ಆಗ್ಲಿ. ನನ್ನ ಹಣಿಗೆ ನಾನಽ ಕುಂಕುಮ ಹಚ್ಕೊಳ್ಳೂ ಹಂಗ ಆದ್ರ ಸಾಕು," ಎಂದು ಕಾಕು ಹೇಳಿದರು. ಶಾಲೆಯ ಪಠ್ಯಕ್ರಮ ಅಲ್ಲಿಗೆ ನಿರ್ಧಾರವಾಯಿತು.

ಕಾಕಾ ಡಾಕ್ಟರರಲ್ಲ. ಬಾಗಲಕೋಟೆ ಕಡೆಯಿಂದ ಬಂದು, ವೈದ್ಯಕೀಯ ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಅಸ್ಥಿಪಂಜರದ ಧೂಳು ಒರೆಸಿ ನಿವೃತ್ತರಾದವರು. ಪಾಠದ ಹೊತ್ತಿನಲ್ಲಿ ಪ್ರೊಫೆಸರರು ಹೇಳಿದ ಕಡೆಗೆ ಅದನ್ನು ತಿರುಗಿಸಿ ಹಿಡಿಯುವುದೂ ಅವರ ಕೆಲಸ. ಹುಡುಗರು ಪಾಸಾಗಿ ಮುಂದಿನ ವರ್ಷಕ್ಕೆ ಹೋಗುತ್ತಿದ್ದರು. ಕಾಕಾ ಅದೇ ಮೊದಲ ವರ್ಷದ ಪಾಠವನ್ನು ಇಪ್ಪತ್ತಾರು ಸಲ ಕೇಳಿದರು. ಅಷ್ಟು ಕೇಳಿದ ಮನುಷ್ಯ ಸುಮ್ಮನಿರುತ್ತಾನೆಯೇ?

ಮನೆಯಲ್ಲಿ 'ಅತ್ತ', 'ಇತ್ತ' ಎಂಬ ಮಾತು ನಿಷಿದ್ಧವಾಯಿತು. ನೆತ್ತಿಯಿಂದ ಹುಬ್ಬುಗಳ ನಡುವೆ, ಮೂಗು, ಹೊಕ್ಕಳು ಹಾದು ನೆಟ್ಟಗೆ ಇಳಿಯುವುದು ಮಧ್ಯರೇಖೆ. ಅದಕ್ಕೆ ಹತ್ತಿರವಾದದ್ದು ಮೀಡಿಯಲ್, ದೂರವಾದದ್ದು ಲ್ಯಾಟರಲ್. ಒಮ್ಮೆ ಟಾಂಗಾದವನಿಗೆ "ಲ್ಯಾಟರಲ್ ಕಡೆಗೆ ಹೊಡಿ" ಎಂದು ಮರಾಠಿಯಲ್ಲಿ ಹೇಳಿದರು. ಅವನು ಗಾಡಿ ನಿಲ್ಲಿಸಿ, ಅಂಥ ಪೇಠೆ ಪುಣೆಯಲ್ಲಿ ಎಲ್ಲಿದೆ ಎಂದು ಕೇಳಿ ನಮ್ಮಿಬ್ಬರನ್ನೂ ಕೆಳಗಿಳಿಸಿದ!

ಕೈಕಾಲಿನಲ್ಲಿ ಬುಡದ ಹತ್ತಿರವಿದ್ದದ್ದು ಪ್ರಾಕ್ಸಿಮಲ್, ತುದಿಯ ಕಡೆಯದು ಡಿಸ್ಟಲ್. ನಾನು ಖಡಕಿಯ ಕಚೇರಿಗೆ ರೈಲಿನಲ್ಲಿ ಹೋಗುತ್ತಿದ್ದೆ. "ಪುಣೆ ಸ್ಟೇಶನ್ನು ಹೆಗಲು ಅಂತ ತಿಳ್ಕೊ. ಖಡಕಿ ಪ್ರಾಕ್ಸಿಮಲ್, ದೇಹೂ ರೋಡ್ ಡಿಸ್ಟಲ್," ಎಂದು ವಿವರಿಸಿದ್ದರು. ಒಂದು ದಿನ ನಿದ್ದೆ ಹತ್ತಿ ದೇಹೂ ರೋಡ್‌ನಲ್ಲಿ ಇಳಿದೆ. ಕಚೇರಿಯಲ್ಲಿ ಬೈಸಿಕೊಂಡು ಮನೆಗೆ ಬಂದರೆ ಕಾಕಾ ಕೇಳಿದ್ದು ಒಂದೇ ಮಾತು: "ಮೊಣಕೈಯಾಗ ಇಳಿಯೋದು ಬಿಟ್ಟು ಮಣಿಕಟ್ಟಿನ ತನಕ ಯಾಕ ಹೋಗಿದ್ದಿ?"

ಲಕ್ವಾ ಹೊಡೆಯುವುದಕ್ಕೆ ಮೊದಲೇ ಆದ ನನ್ನ ತಂಗಿಯ ಮದುವೆಯ ಫೋಟೋ ಇನ್ನೂ ಇದೆ. ಫೋಟೋದವನು "ಸ್ವಲ್ಪ ಬಲಕ್ಕ ಸರೀರಿ" ಎಂದ.

"ಯಾರ ಬಲ?" ಕಾಕಾ ಕೇಳಿದರು. "ಬಲ ಅಂದ್ರ ದೇಹದ ಮಾಲೀಕನ ಬಲ. ನಿಂತು ನೋಡೋವಂದಲ್ಲ."

"ಹೌದ್ರಿ, ಯಾವ ಕಡೆನಾರ ಸರೀರಿ. ಬಿಸಿಲು ಹೊಂಟದ!"

ಬಿಸಿಲು ಹೋಗುವ ಮುನ್ನ ಫೋಟೋ ಆಯಿತು. ಅದರಲ್ಲಿ ಎಲ್ಲರೂ ಕೈಕಟ್ಟಿ ನಿಂತಿದ್ದಾರೆ. ಕಾಕಾ ಮಾತ್ರ ಎರಡೂ ಕೈ ಇಳಿಬಿಟ್ಟು, ಅಂಗೈ ಮುಂದೆ ಮಾಡಿ, ಹೆಬ್ಬೆರಳು ಹೊರಗೆ ಚಾಚಿ ನಿಂತಿದ್ದಾರೆ. ಅದು ಅನಾಟಮಿಯ ಮೂಲಭಂಗಿ. ದೇಹದ ಎಡ ಬಲ ಹಿಂದು ಮುಂದುಗಳನ್ನೆಲ್ಲ ಈ ನಿಲುವಿನಿಂದಲೇ ಅಳೆಯಬೇಕು. ಬೀಗರಿಗೆ ಇದು ಗೊತ್ತಿರಲಿಲ್ಲ. "ನಿಮ್ಮವರು ಏನು ಬೇಡಲಿಕ್ಕೆ ಹತ್ಯಾರ್ರಿ?" ಎಂದು ಕೇಳಿದರು.

"ಏನೂ ಇಲ್ರಿ," ಎಂದರು ಕಾಕು. "ಎಲ್ಲಾ ಕೊಟ್ಟು ಮುಗಿಸೀನಿ. ಕೈ ಹಿಂದ ತಗೊಳ್ಳೋದು ಮರ್ತಾರ."

ಇಂಥ ಮಾಸ್ತರರ ಶಾಲೆ. ಮೊದಲ ದಿನ ಕಾಕಾ ಹಳೆಯ ಪರಿಚಯದ ಮೇಲೆ ವೈದ್ಯಕೀಯ ಶಾಲೆಯಿಂದ ತಂತಿಯಲ್ಲಿ ಪೋಣಿಸಿದ ಕೈ ಎಲುಬನ್ನು ಚೀಲದಲ್ಲಿ ತಂದರು. ಕಾಕು ಹೊಸ್ತಿಲಲ್ಲಿ ತಡೆದರು.

"ಯಾರದ್ರೀ ಆ ಕೈ?"

"ಬಲಗೈ."

"ಯಾವ ಕೈ ಅಂತ ಕೇಳಲಿಲ್ಲ. ಯಾರದು, ಯಾವ ಕುಲ, ಯಾವಾಗ ಸತ್ತದ್ದು?"

ಎಲುಬು ಹಿಂದಕ್ಕೆ ಹೋಯಿತು. ಕಾಕಾ ನಲ್ಲಿಯ ಕೆಳಗೆ ಸ್ನಾನ ಮಾಡಿ ಒಳಗೆ ಬಂದರು. ಚೀಲವನ್ನೂ ಒಗೆದರು.

ಮರುದಿನದಿಂದ ಅವರ ಕೈಯೇ ಮಾದರಿ. ಮಡಿಚುವುದು ಫ್ಲೆಕ್ಷನ್, ಚಾಚುವುದು ಎಕ್ಸ್‌ಟೆನ್ಷನ್. ಕೈಯನ್ನು ಮಧ್ಯರೇಖೆಯಿಂದ ದೂರ ಒಯ್ಯುವುದು ಅಬ್ಡಕ್ಷನ್, ಹತ್ತಿರ ತರುವುದು ಅಡ್ಡಕ್ಷನ್. ಕಾಕುಗೆ ಈ ಕೊನೆಯ ಎರಡು ಹೆಸರು ಬಾಯಿಗೆ ಬರಲಿಲ್ಲ.

"ದೂರ ಹೋದ್ರ ಅತ್ತಿ ಮನಿ, ಹತ್ರ ಬಂದ್ರ ತವರುಮನಿ. ಇಷ್ಟಕ್ಕ ಇಂಗ್ಲಿಷ್ ಯಾಕ ಬೇಕು?" ಎಂದರು.

ಕಾಕಾ ತಮ್ಮ ಕೈಯನ್ನು ಒಮ್ಮೆ ದೂರ ಒಯ್ದು ಹತ್ತಿರ ತಂದು, ವ್ಯಾಖ್ಯೆಯಲ್ಲಿ ತಪ್ಪಿಲ್ಲವೆಂದು ಒಪ್ಪಿದರು. ಅಂದಿನಿಂದ ದಿನಾ ಬೆಳಿಗ್ಗೆ ಒಂದು ಗಂಟೆ ಹೊರಕೋಣೆಯಲ್ಲಿ "ಅತ್ತಿ ಮನಿ! ತವರುಮನಿ! ಅತ್ತಿ ಮನಿ!" ಎಂದು ಗಟ್ಟಿಯಾಗಿ ಕೇಳಿಸುತ್ತಿತ್ತು. ಕಾಕುವಿನ ಕೈಯನ್ನು ಕಾಕಾ ಎರಡೂ ಕೈಯಿಂದ ಎತ್ತಿ ಒಯ್ದು ತರುತ್ತಿದ್ದರು. ವಾಡೆಯ ಮಾಲಕಿ ಆಜೀಬಾಯಿಗೆ ಕನ್ನಡ ಬಾರದು. ಜಪಮಾಲೆ ಇಲ್ಲದೆ ಇದೆಂಥ ಜಪ ಎಂದು ನನ್ನನ್ನು ಗುಟ್ಟಾಗಿ ಕೇಳಿದರು.

ಫೆಬ್ರವರಿಯಲ್ಲಿ ಹೆಗಲು ಅಲುಗಿತು. ಮಾರ್ಚ್ ಕೊನೆಗೆ ಮೊಣಕೈ ಮಡಿಚಿತು. "ಪ್ರಾಕ್ಸಿಮಲ್ ಮೊದಲು, ಡಿಸ್ಟಲ್ ಆಮ್ಯಾಲ. ಸರಿಯಾದ ಕ್ರಮದಾಗ ಬರಲಿಕ್ಕೆ ಹತ್ತೇದ," ಎಂದು ಕಾಕಾ ಸಂಭ್ರಮಪಟ್ಟರು. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಏಪ್ರಿಲಿನಲ್ಲಿ ಮಣಿಕಟ್ಟು ಸ್ವಲ್ಪ ಎದ್ದಿತು. ಬೆರಳುಗಳು ಏಳಲಿಲ್ಲ. ನೋಟ್‌ಬುಕ್ಕಿನಲ್ಲಿ ದಿನಾ ಒಂದೇ ಸಾಲು: "ಬೆರಳು: ಚಲನೆ ಇಲ್ಲ."

"ಒಂದು ದಿನಾನರ 'ಅಳ್ಳಾಡ್ತು' ಅಂತ ಬರೀರಿ. ನನಗೂ ಓದಲಿಕ್ಕೆ ಚಲೋ ಅನಸ್ತದ," ಎಂದರು ಕಾಕು.

"ಅಳ್ಳಾಡಿಲ್ಲ. ಹೆಂಗ ಬರೀಲಿ?"

ಕಾಕು ಮುಖ ತಿರುಗಿಸಿಕೊಂಡರು. ಕಾಕಾ ಆ ದಿನವೂ ಅದೇ ಸಾಲು ಬರೆದರು.

ಆರು ತಿಂಗಳು ಮುಗಿದವು. ಡಾಕ್ಟರರು ಬಂದು ನೋಡಿ, ಇನ್ನು ಕಷ್ಟ ಕೊಡಬೇಡಿ ಎಂದರು. ಮರುದಿನ ಬೆಳಿಗ್ಗೆ ಕಾಕಾ ಶಾಲೆ ತೆರೆಯಲಿಲ್ಲ. ಗೋಡೆಗೆ ಒರಗಿ ಕೂತಿದ್ದರು. ಕಾಕುವೇ ಕಾಲೆಳೆದುಕೊಂಡು ಬಂದು ಎದುರು ಕೂತರು. ಎಡಗೈಯಿಂದ ಬಲಗೈಯನ್ನು ಎತ್ತಿ ಅವರ ತೊಡೆಯ ಮೇಲಿಟ್ಟರು.

"ಮಾಸ್ತರರು ಗೈರುಹಾಜರಾದ್ರ ಹೆಂಗ್ರಿ?"

ಶಾಲೆ ಮುಂದುವರಿಯಿತು.

ಜೂನ್ ತಿಂಗಳ ಒಂದು ಭಾನುವಾರ ಕಾಕಾ ಕಾಯಿಪಲ್ಲೆ ತರಲು ಮಂಡಿಗೆ ಹೋಗಿದ್ದರು. ನಾನು ಮನೆಯಲ್ಲಿದ್ದೆ. ಕಾಕು ಸ್ನಾನ ಮಾಡಿ ಬಂದು ಕುಂಕುಮದ ಭರಣಿಯ ಮುಂದೆ ಕೂತರು. ಕನ್ನಡಿ ತೆಗೆದುಕೊಳ್ಳಲಿಲ್ಲ. ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು ಮೇಲೆತ್ತಿದರು. ಉಂಗುರದ ಬೆರಳು ಉಳಿದ ಬೆರಳುಗಳಿಂದ ಬೇರೆಯಾಗಿ ಮುಂದಕ್ಕೆ ಬಂತು.

ಕಾಕಾ ಬಂದಾಗ ಕುಂಕುಮ ಹಣೆಯ ಮೇಲಿತ್ತು, ಮಧ್ಯರೇಖೆಯಿಂದ ಎರಡು ಬೆರಳು ಎಡಕ್ಕೆ. ಕಾಕುವಿನ ಎಡಕ್ಕೆ. ಎಡಹುಬ್ಬಿನ ಮೇಲೂ ಸ್ವಲ್ಪ ಉದುರಿತ್ತು.

"ಸರಿ ಅದಽ ಇಲ್ರಿ?" ಎಂದು ಕಾಕು ಕೇಳಿದರು.

ಕಾಕಾ ಚೀಲವನ್ನು ಕೆಳಗಿಟ್ಟು ಎದುರಿಗೆ ಕೂತು ನೋಡಿದರು. ಆಮೇಲೆ ನೋಟ್‌ಬುಕ್ ತೆಗೆದರು.

ಆ ದಿನದ ಪುಟ ನನ್ನ ಹತ್ತಿರವಿದೆ. ಅದರಲ್ಲಿ ಎರಡು ಸಾಲುಗಳಿವೆ. ಮೊದಲನೆಯದು: "ಉಂಗುರದ ಬೆರಳು: ಚಲನೆ ಇದೆ." ಎರಡನೆಯದು: "ಕುಂಕುಮ: ಮಧ್ಯರೇಖೆಯಲ್ಲಿ."