ಸಬ್‌ವೂಫರಿನಲ್ಲಿ ಅಪ್ಪನನ್ನು ಹುಡುಕಿದ್ದು

ನಾನು ಹಾನಗಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಶಬ್ದದ ಪಾಠವನ್ನು ಪುಸ್ತಕ ತೆರೆಯದೆ ಹೇಳುವವನು. ಇಂಥವನಿಗೆ ಸ್ವಂತ ಮನೆಯ ಪಡಸಾಲೆಯಲ್ಲಿ ಒಂದು ಸಬ್‌ವೂಫರ್ ಇಡುವುದು ಯಾವ ಮಹಾ ಕೆಲಸ? ಹಾಗೆಂದು ಎಲ್ಲರೆದುರು ಹೇಳಿಯೂ ಬಿಟ್ಟೆ. ಹೇಳಬಾರದಿತ್ತು!

ವಿಷಯ ಮಾತ್ರ ಗಂಭೀರವಾದದ್ದು. ಅಪ್ಪ ತೀರಿಕೊಂಡು ವರ್ಷ ತುಂಬುತ್ತಿತ್ತು. ಅಪ್ಪ ನಮ್ಮ ಓಣಿಯ ಭಜನಾ ಮೇಳದಲ್ಲಿ ಡಗ್ಗಾ, ಅಂದರೆ ತಬಲಾ ಜೋಡಿಯ ದೊಡ್ಡ ವಾದ್ಯ, ಬಾರಿಸುತ್ತಿದ್ದ. ಮೇಳದವರ ಹಳೆಯ ಕ್ಯಾಸೆಟ್ಟೊಂದನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದು, ಪಡಸಾಲೆಯ ಎರಡು ಪುಟ್ಟ ಸ್ಪೀಕರುಗಳಲ್ಲಿ ಹಚ್ಚಿದೆ. ಹಾಡು ಬಂತು, ತಾಳ ಬಂತು, ಯಾರೋ ಕೆಮ್ಮಿದ್ದೂ ಬಂತು. ಡಗ್ಗಾ ಬರಲಿಲ್ಲ. ಅಷ್ಟು ದಪ್ಪ ದನಿ ಆ ಸ್ಪೀಕರುಗಳ ಗಂಟಲಿಗೆ ಇಳಿಯುವಂಥದ್ದಲ್ಲ. ಅವ್ವ ಕತ್ತು ಮುಂದೆ ಚಾಚಿ ಕುಳಿತೇ ಇದ್ದಳು.

“ಎಲ್ಲಾರೂ ಅದಾರ. ನಿಮ್ಮಪ್ಪ ಎಲ್ಲದಾರೋ?” ಎಂದಳು.

ಅಪ್ಪ ಹಾಡುವವನಲ್ಲ, ಮಾತೂ ಕಡಿಮೆ. ಅವನದೆಂದು ಉಳಿದದ್ದು ಆ ಕ್ಯಾಸೆಟ್ಟಿನ ಡಗ್ಗಾ ಒಂದೇ. ಅವ್ವ ಚಿಕ್ಕೇರೂರಿಗೆ ಅಕ್ಕನ ಮನೆಗೆ ಹೊರಟಿದ್ದಳು. ಅಪ್ಪನ ವರ್ಷದ ಪೂಜೆಗೆ ಆಕೆ ತಿರುಗಿ ಬರುವಷ್ಟರಲ್ಲಿ ಅಪ್ಪನನ್ನು ಪಡಸಾಲೆಗೆ ಕರೆತರುವುದೆಂದು ನಿರ್ಧರಿಸಿದೆ. ಸವಣೂರಿಗೆ ಹೋಗಿ ಒಂದು ಆಂಪ್ಲಿಫೈಯರನ್ನೂ, ದಪ್ಪ ದನಿಗೆಂದೇ ಹುಟ್ಟಿದ ಸಬ್‌ವೂಫರ್ ಎಂಬ ಆ ದೊಡ್ಡ ಡಬ್ಬಿಯನ್ನೂ ತಂದೆ.

ಮೊದಲು ಮೂಲೆಯಲ್ಲಿಟ್ಟೆ. ಮೂಲೆಯಲ್ಲಿಟ್ಟರೆ ದನಿ ದೊಡ್ಡದಾಗುತ್ತದೆಂದು ನನಗೆ ಗೊತ್ತಿತ್ತು. ಎಷ್ಟು ದೊಡ್ಡದೆಂದು ಗೊತ್ತಿರಲಿಲ್ಲ! ಅಟ್ಟದ ಮೇಲಿನ ಹಿತ್ತಾಳೆ ಕೊಡಗಳು ತಾವೇ ಭಜನೆಗೆ ಇಳಿದವು. ಎದುರುಮನೆಯ ಫಕ್ಕೀರಪ್ಪ ಓಡಿ ಬಂದ.

“ಸರ, ಬೋರ್ ಹೊಡಸಾಕತ್ತೀರೇನ್ರಿ? ನೀರು ಬಿತ್ತೇನು?”

“ಬೋರ್ ಅಲ್ಲೋ, ನಮ್ಮಪ್ಪನ ಡಗ್ಗಾ.”

ಅವನು ಡಬ್ಬಿಗೆ ಕೈಮುಗಿದು ಎರಡು ಹೆಜ್ಜೆ ಹಿಂದೆ ಸರಿದ.

ಮೂಲೆಯಿಂದ ತೆಗೆದು ಗೋಡೆಯ ನಡುವೆ ಇಟ್ಟೆ. ಅವ್ವನ ಕುರ್ಚಿಯಲ್ಲಿ ಕುಳಿತು ಕೇಳಿದರೆ ಡಗ್ಗಾ ಮಾಯ! ಒಳಗಿನಿಂದ ನನ್ನ ಹೆಂಡತಿ ಗಿರಿಜಾ ಕೂಗಿದಳು.

“ರೀ, ಅದು ಇಲ್ಲಿ ಒಲಿ ಮುಂದ ಗುಂ ಗುಂ ಅನ್ನಾಕತ್ತೈತಿ! ಚಾದ ಬಟ್ಟಲಾ ಕುಣ್ಯಾಕತ್ತಾವು!”

ಕೋಣೆಯಲ್ಲಿ ದಪ್ಪ ದನಿ ಒಂದು ಕಡೆ ಗುಡ್ಡೆ ಬೀಳುತ್ತದೆ, ಇನ್ನೊಂದು ಕಡೆ ಪೂರ್ತಿ ಸತ್ತುಹೋಗುತ್ತದೆ. ಇದಕ್ಕೆ ಬಲ್ಲವರು ಹೇಳುವ ಉಪಾಯವೊಂದಿದೆ. ಡಬ್ಬಿಯನ್ನು ಕೇಳುವವರ ಕುರ್ಚಿಯ ಮೇಲಿಟ್ಟು, ನಾವು ಗೋಡೆಯ ಗುಂಟ ಅಂಬೆಗಾಲಿಡಬೇಕು. ಎಲ್ಲಿ ದನಿ ಹದವಾಗಿ ಕೇಳುತ್ತದೆಯೋ ಅದೇ ಡಬ್ಬಿಯ ಜಾಗ. ಶಾಸ್ತ್ರೋಕ್ತವಾಗಿ ಅವ್ವನ ಕುರ್ಚಿಯ ಮೇಲೆ ಡಬ್ಬಿಯನ್ನು ಪ್ರತಿಷ್ಠಾಪಿಸಿ, ಲುಂಗಿ ಎತ್ತಿ ಕಟ್ಟಿ, ನೆಲಕ್ಕೆ ಕಿವಿ ಹಚ್ಚಿಕೊಂಡು ಹೊರಟೆ. ಅಷ್ಟರಲ್ಲಿ ಫಕ್ಕೀರಪ್ಪ ಮತ್ತೆ ಬಂದ.

“ಏನ್ ಕಳದೈತ್ರಿ ಸರ?”

ನಾನು ಬಾಯಿಗೆ ಬೆರಳಿಟ್ಟು ಸುಮ್ಮನಿರೆಂದೆ. ಅವನು ದನಿ ತಗ್ಗಿಸಿದ.

“ಬಂಗಾರದ್ದೇನ್ರಿ?”

ಉತ್ತರಕ್ಕೂ ಕಾಯದೆ ತೋಳೇರಿಸಿ ತಾನೂ ಮೊಣಕಾಲೂರಿದ. ಹಾಲು ಕೊಡಲು ಬಂದ ಅವನ ಹೆಂಡತಿಯೂ ಕ್ಯಾನು ಬದಿಗಿಟ್ಟು ಕೈಜೋಡಿಸಿದಳು. ಪರರ ಕಷ್ಟಕ್ಕೆ ಇಷ್ಟು ಬೇಗ ಬಗ್ಗುವ ಓಣಿ ಬೇರೆಲ್ಲೂ ಸಿಗಲಿಕ್ಕಿಲ್ಲ. ಕಡೆಗೆ ಫಕ್ಕೀರಪ್ಪನಿಗೆ ಗಿರಿಜಾಳ ಬೆಂಡೋಲೆಯ ತಿರುಪು ಸಿಕ್ಕಿತು, ನನಗೆ ಜಾಗ ಸಿಕ್ಕಿತು. ಸರಿಯಾಗಿ ಹೊಸ್ತಿಲ ಮೇಲೆ!

“ಹೊಸ್ತಲ ಮ್ಯಾಲ ಯಾರರ ಸಾಮಾನ ಇಡ್ತಾರೇನ್ರಿ? ನಾ ದಿನಾ ತೊಳದು ಪೂಜಿ ಮಾಡ್ತೇನಿ ಅದಕ್ಕ!” ಗಿರಿಜಾ ಸೊಂಟಕ್ಕೆ ಕೈಯಿಟ್ಟಳು.

ವಿಜ್ಞಾನವು ಹೊಸ್ತಿಲಿನಿಂದ ಒಂದು ಮೊಳ ಹಿಂದೆ ಸರಿಯಿತು. ಅಲ್ಲಿಯೂ ಡಗ್ಗಾ ಚೆನ್ನಾಗಿಯೇ ಕೇಳಿತು. ಆದರೆ ಹೊಸ ತಾಪತ್ರಯ ಎದ್ದಿತು. ತಾಳ ಬಿದ್ದ ಮೇಲೆ ಡಗ್ಗಾ ಬೀಳುತ್ತಿತ್ತು. ಪ್ರತಿ ಸಲವೂ ಒಂದಿಷ್ಟು ಹಿಂದೆ! ಪುಟ್ಟ ಸ್ಪೀಕರುಗಳಿಗೂ ದೊಡ್ಡ ಡಬ್ಬಿಗೂ ಹೊಂದಾಣಿಕೆ ತಪ್ಪಿದೆಯೆಂದು ನಾನು ರೋಗ ಪತ್ತೆ ಹಚ್ಚಿದೆ. ಪುಟ್ಟ ಸ್ಪೀಕರುಗಳ ದನಿಯನ್ನು ಕೊಂಚ ತಡೆದು ಬಿಡುವ ಅನುಕೂಲ ಆಂಪ್ಲಿಫೈಯರಿನಲ್ಲಿತ್ತು. ರಿಮೋಟ್ ಹಿಡಿದು ತಡೆದೆ, ಇನ್ನಷ್ಟು ತಡೆದೆ. ಊಟಕ್ಕೆ ಕರೆದರೆ ಸಿಟ್ಟಾದೆ. ಶಾಲೆಯಲ್ಲಿ ಪಾಠ ಹೇಳುವಾಗಲೂ ಬೆರಳು ಮೇಜಿನ ಮೇಲೆ ಆಡುತ್ತಿತ್ತು. ಕೊನೆಗೊಂದು ಸಂಜೆ ತಾಳದ ನೆತ್ತಿಯ ಮೇಲೆ ಡಗ್ಗಾ ಕೂತಿತು. ಫಕ್ಕೀರಪ್ಪ ತಲೆದೂಗಿದ. ನಾನು ಮೀಸೆ ತಿರುವಿಕೊಂಡೆ.

ವರ್ಷದ ದಿನ ಪೂಜೆ, ಪ್ರಸಾದ ಮುಗಿದವು. ಮೇಳದ ಮುಖ್ಯ ಹಾಡುಗಾರ ಚನ್ನಬಸಪ್ಪ ಕಾಕಾ ಮತ್ತು ಓಣಿಯವರು ಚಾಪೆಯ ಮೇಲೆ ಕುಳಿತರು, ಅವ್ವ ತನ್ನ ಕುರ್ಚಿಯಲ್ಲಿ. ಸಭೆಗೆ ಎರಡು ಮಾತು ಹೇಳಿಯೇ ನಾನು ಗುಂಡಿ ಒತ್ತಿದೆ. ಡಗ್ಗಾ ಗಡಿಯಾರದಂತೆ ಬಿತ್ತು. ಅವ್ವ ಬಹಳ ಹೊತ್ತು ಕೇಳಿದಳು.

“ಚಲೋ ಬಾರಸ್ತಾನ. ಯಾರಿಂವ?”

“ಅಪ್ಪ ಬೇ!”

“ಅಲ್ಲ ಬಿಡೋ,” ಎಂದು ಅವ್ವ ಸೆರಗು ಸರಿಮಾಡಿಕೊಂಡಳು. ಮುಖ ಬಾಡಿಹೋಯಿತು. ನನಗೆ ಅಳು ಬಂದಂತಾಯಿತು. ಇದಕ್ಕಾಗಿ ಇಷ್ಟೆಲ್ಲ ಒದ್ದಾಡಿದೆನಲ್ಲ!

ಅಷ್ಟರಲ್ಲಿ ಕರೆಂಟು ಹೋಯಿತು. ತಿರುಗಿ ಬಂದಾಗ ಆಂಪ್ಲಿಫೈಯರ್ ನಾನು ಕಲಿಸಿದ್ದನ್ನೆಲ್ಲ ಮರೆತು ಕುಳಿತಿತ್ತು. ಭಜನೆ ಮೊದಲಿನಿಂದ ಶುರುವಾಯಿತು. ತಾಳ ಬಿತ್ತು. ಆಮೇಲೆ ಡಗ್ಗಾ ಬಿತ್ತು. ಅಯ್ಯೋ ಮಾನ ಹೋಯಿತೆಂದು ನಾನು ರಿಮೋಟ್ ಹಿಡಿದು ಎದ್ದೆ. ಅವ್ವ ಗಪ್ಪನೆ ನನ್ನ ಮುಂಗೈ ಹಿಡಿದಳು.

“ಮುಟ್ಟಬ್ಯಾಡ! ಬಂದ್ರು.”

ಅವಳ ಕಣ್ಣು ತುಂಬಿ ಹರಿಯುತ್ತಿತ್ತು, ಬಾಯಿ ನಗುತ್ತಿತ್ತು. ಚನ್ನಬಸಪ್ಪ ಕಾಕಾ ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡರು.

“ಇಂವನ ನೋಡ್ರಿ ನಮ್ಮಾಂವ! ನಾವು ಮುಂದಿನ ನುಡಿಗೆ ಹೋದ ಮ್ಯಾಲೆ ಬರ್ತಿದ್ದ. ಎಷ್ಟ ಬೈದ್ರೂ ಕೇಳ್ಲಿಲ್ಲ!”

ಇಡೀ ಪಡಸಾಲೆ ನಕ್ಕಿತು, ಅತ್ತಿತು. ಮೇಳದವರೆಲ್ಲ ಸೇರಿ ಅಪ್ಪನಲ್ಲಿ ತಿದ್ದಲಾಗದ್ದನ್ನು ನಾನೊಬ್ಬನೇ ತಿದ್ದಿದ್ದೆ. ತಿದ್ದಿ, ಅಪ್ಪನನ್ನೇ ಮನೆಯಿಂದ ಹೊರಗೆ ಹಾಕಿದ್ದೆ!

ಗಿರಿಜಾ ನನ್ನ ಕೈಯಿಂದ ರಿಮೋಟ್ ಕಸಿದು ಅವ್ವನ ಮಡಿಲಲ್ಲಿಟ್ಟಳು.

“ಮಾಸ್ತರ, ಸಾಕಿನ್ನ. ನೀವು ಹಿಂದ ಹೋಗಿ ಕುಂದರ್ರಿ.”

ನಾನು ಹಿಂದೆ ಹೋಗಿ, ಫಕ್ಕೀರಪ್ಪನ ಪಕ್ಕದಲ್ಲಿ ಕುಳಿತೆ.