ತೊಳೆದಿಟ್ಟ ಹೃದಯದ ಪಾಠ

ಲಿಮಾದ ಆಸ್ಪತ್ರೆಯೊಂದರಲ್ಲಿ ಸ್ಟ್ರೆಚರ್ ತಳ್ಳುತ್ತಿದ್ದ ವಿಲ್ದೆರ್ ಒಂದು ಸೋಮವಾರ ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದ: "ಶುಕ್ರವಾರದೊಳಗೆ ಹೃದಯ ನನ್ನ ಅಂಗೈಯಲ್ಲಿರುತ್ತೆ."

"ಯಾರದ್ದು?" ಎಂದಳು ಹೆಂಡತಿ ಮಾರ್ಲೆನಿ, ಅನ್ನ ಬಡಿಸುತ್ತಲೇ.

ಹೃದಯದ ಸ್ಕ್ಯಾನ್ ಕೋಣೆಯಲ್ಲಿ ಸಹಾಯಕನ ಜಾಗ ಖಾಲಿಯಿತ್ತು. ಶುಕ್ರವಾರ ಸ್ಪ್ಯಾನಿಷ್‌ನಲ್ಲಿ ನಡೆಯುವ ಮೌಖಿಕ ಪರೀಕ್ಷೆ ಗೆದ್ದರೆ ಸ್ಟ್ರೆಚರಿನಿಂದ ಬಿಡುಗಡೆ. ಆದರೆ ವಿಲ್ದೆರನ ಮನೆಮಾತು ಕೆಚುವಾ. ಅವನ ಸ್ಪ್ಯಾನಿಷ್ ಬಸ್ಸಿಗೆ, ಬಜಾರಿಗೆ ಸಾಕಾಗುತ್ತಿತ್ತು, ಹೃದಯದೊಳಕ್ಕೆ ಇಳಿಯುತ್ತಿರಲಿಲ್ಲ. ಪುಸ್ತಕ ತೆರೆದರೆ ನಿದ್ದೆ.

ಜ್ಞಾನೋದಯವಾದದ್ದು ಅಡುಗೆಮನೆಯಲ್ಲಿ. ಅತ್ತೆ ಎದೆಲ್ಮಿರಾ ಬೀದಿ ಮೂಲೆಯಲ್ಲಿ ಆಂತಿಕುಚೊ ಮಾರುವವರು. ದನದ ಹೃದಯವನ್ನು ಮಸಾಲೆಯಲ್ಲಿ ನೆನೆಸಿ, ಕಡ್ಡಿಗೆ ಚುಚ್ಚಿ, ಕೆಂಡದ ಮೇಲೆ ಸುಡುವ ಕಸುಬು. ಪಾತ್ರೆ ತುಂಬ ತೊಳೆದಿಟ್ಟ ಹೃದಯಗಳು!

"ಅತ್ತೆ, ಒಂದು ಹೃದಯ ಕೊಡಿ."

"ಮಗಳನ್ನೇ ಕೊಟ್ಟಿದೀನಲ್ಲಪ್ಪ, ಇನ್ನೂ ಬೇಕಾ? ತಗೋ. ಸಂಜೆ ಒಳಗೆ ವಾಪಸ್ ಕೊಡು."

ವಿಲ್ದೆರ್ ಹಲ್ಲುಕಡ್ಡಿಗಳಿಗೆ ಭಾಗಗಳ ಹೆಸರಿನ ಚೀಟಿ ಅಂಟಿಸಿ ಹೃದಯದ ತುಂಬ ಬಾವುಟ ನೆಟ್ಟ. 'ವಾಲ್ವುಲಾ ಮಿತ್ರಾಲ್' ಎಂಬ ಕವಾಟಕ್ಕೆ ಮಾತ್ರ ಜಾಗ ಕಾಣಲಿಲ್ಲ. ಅಲ್ಲೇ ಕಂಡ ಒಂದು ತಗ್ಗಿನಲ್ಲಿ ಆ ಬಾವುಟ ಚುಚ್ಚಿ ಬಾಯಿಪಾಠ ಮಾಡಿದ.

ಶುಕ್ರವಾರ ಪರೀಕ್ಷೆ ನಡೆಸುವ ಡಾಕ್ಟರಮ್ಮ ಪ್ಲಾಸ್ಟಿಕ್ ಹೃದಯವನ್ನು ಬಿಚ್ಚಿಟ್ಟು ಕೇಳಿದರು: "ಮಿತ್ರಾಲ್ ಎಲ್ಲಿದೆ?"

ವಿಲ್ದೆರ್ ಗತ್ತಿನಿಂದ ಬೆರಳಿಟ್ಟ.

"ಅದು ಗೋಡೆ ಕಣಯ್ಯ."

"ಡಾಕ್ಟ್ರಮ್ಮ, ಈ ಬಿಳೀ ಎಲೆಗಳೇನು? ನಾನು ಕಲಿತ ಹೃದಯದಲ್ಲಿ ಇವು ಇರಲೇ ಇಲ್ಲ."

"ಅವೇ ಕವಾಟ. ಯಾರ ಹತ್ರ ಕಲಿತೆ?"

ಅವನು ಹೇಳಿದ. ಡಾಕ್ಟರಮ್ಮ ತುಟಿ ಕಚ್ಚಿಕೊಂಡು, "ಸೋಮವಾರ ಇನ್ನೊಂದ್ಸಲ ಬಾ. ಅದೇ ಕೊನೆ" ಎಂದರು.

ಮನೆಯಲ್ಲಿ ಅತ್ತೆಯ ಮುಖ ಸಣ್ಣದಾಯಿತು. "ಬಿಳೀದು, ದಾರದಂಥದ್ದು ಎಲ್ಲ ಮೊದಲೇ ಕೊಯ್ದು ಬಿಸಾಡ್ತೀನಪ್ಪ. ಹಲ್ಲಿಗೆ ಸಿಕ್ಕಿದ್ರೆ ಗಿರಾಕಿ ಬೈತಾರೆ. ನಿನಗೆ ಅದೇ ಬೇಕು ಅಂತ ಹೇಳಬಾರದಿತ್ತಾ?"

ಭಾನುವಾರ ಅವರು ತೊಳೆಯದ ಹೃದಯಗಳ ರಾಶಿಯ ಮುಂದೆ ಅಳಿಯನನ್ನು ಕೂರಿಸಿಕೊಂಡರು. "ಹೆಸರು ನೀನು ಹೇಳು, ಜಾಗ ನಾನು ತೋರಿಸ್ತೀನಿ." ಅವನು ಪುಸ್ತಕದ ಚಿತ್ರ ತೋರಿಸಿ ಹೆಸರು ಹೇಳಿದಂತೆ ಅವರ ಚಾಕು ಸರಕ್ಕನೆ ಕವಾಟ ಕಿತ್ತು ಪಕ್ಕಕ್ಕೆ ಎಸೆಯಿತು. ಆರನೆಯ ಹೃದಯದ ಹೊತ್ತಿಗೆ ಚಾಕು ಅವನ ಕೈಗೇ ಬಂದಿತ್ತು.

ಸೋಮವಾರ ಒಂದು ಹೆಸರೂ ತಪ್ಪಲಿಲ್ಲ, ಒಂದು ಜಾಗವೂ ತಪ್ಪಲಿಲ್ಲ. ಆದರೆ ಪ್ರತಿ ಕವಾಟದ ಹೆಸರು ಹೇಳಿದಾಗಲೂ ವಿಲ್ದೆರನ ತೋರುಬೆರಳು ಅದನ್ನು ಗಾಳಿಯಲ್ಲೇ ಸರಕ್ಕನೆ ಕೊಯ್ದು ಪಕ್ಕಕ್ಕೆ ಎಸೆಯುತ್ತಿತ್ತು. ಡಾಕ್ಟರಮ್ಮ ಅದನ್ನೇ ನೋಡುತ್ತ ಅಂಕ ಬರೆದರು.

"ಪಾಸು," ಎಂದರು. "ಆದರೆ ರೋಗಿ ಪಕ್ಕ ನಿಂತಾಗ ಆ ಕೈ ಜೇಬಲ್ಲಿರಲಿ."